ಎರಡಾದ ಆಟೀನ್ ಏಳು

ವಿದ್ಯಾನಗರದ ಗಾಡಿಯಲ್ಲಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ವಾಸನೆ ಬಂದರೆ ನನ್ನ ಹೆಬ್ಬೆರಳು ಈಗಲೂ ತುರಿಸುತ್ತದೆ.

ಹರಿಹರದ ಅಜ್ಜಿಮನೆಯಲ್ಲಿ ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ಅಜ್ಜಿ, ಮಾವ ಮುಂತಾದ ದೊಡ್ಡವರ ರಮ್ಮಿ ಒಂದೇ ಕಟ್ಟಿನಲ್ಲಿ ನಡೆಯುತ್ತಿತ್ತು. ಒಂಬತ್ತು ವರ್ಷದ ನನಗೆ ಅಂದು ಒಂದೇ ಒಂದು ಆಟ ಮಂಜೂರಾಗಿತ್ತು. ಗೆದ್ದರೆ ಚಾಪೆಯ ಮೇಲೆ ಕಾಯಂ ಜಾಗ, ಸೋತರೆ ಚಹಾ ಸೋಸುವ ಕೆಲಸ.

ನನ್ನ ಕೈಯಲ್ಲಿ ಕೆಲಸಕ್ಕೆ ಬಾರದ ಎಲೆಗಳು ಎರಡಿದ್ದವು: ಆಟೀನ್ ಏಳು, ಇಸ್ಪೀಟ್ ರಾಜ. ಯಾವುದನ್ನು ಬಿಟ್ಟರೆ ಅಜ್ಜಿ ಎತ್ತಿಕೊಂಡು ಗೆಲ್ಲುತ್ತಾಳೋ ತಿಳಿಯದು. ಏಳರ ಬೆನ್ನ ಮೇಲೆ ಯಾರದೋ ಎಣ್ಣೆ ಹೆಬ್ಬೆರಳಿನ ಹಳದಿ ಗುರುತಿತ್ತು. ಅಜ್ಜಿ ನನ್ನ ಮುಖ ಬಿಟ್ಟು ಆ ಗುರುತನ್ನೇ ನೋಡುತ್ತಿದ್ದಳು.

"ಯಾವ್ದಾರ ಒಂದು ಬಿಡವ್ವ, ಸಂಜೆ ಆತು," ಎಂದಳು.

ನನಗೆ ಅನುಮಾನ ಬಂತು. ಗಂಭೀರವಾಗಿ ಒಂದು ಮೆಣಸಿನಕಾಯಿ ತಿಂದು, ಎಣ್ಣೆಯಾದ ಹೆಬ್ಬೆರಳನ್ನು ರಾಜನ ಬೆನ್ನಿಗೆ ಒತ್ತಿ, ಎಲೆಗಳನ್ನು ಕಲೆಸಿ ಹಿಡಿದೆ.

ಅಜ್ಜಿಯ ಬಾಯಲ್ಲಿ ಮಂಡಕ್ಕಿ ನಿಂತಿತು. "ಅಯ್ಯ, ಆಟೀನ್ ಏಳು ಎರಡು ಹೆಂಗಾದ್ವೆ?"

ಮಾವ ಎಲೆ ಕೆಳಗಿಟ್ಟ. "ಅವ್ವಾ, ಅವಳ ಕೈಯಾಗೆ ಏಳು ಐತೆ ಅಂತ ನಿಂಗ್ಯಾರು ಹೇಳಿದ್ರು?"

ಅಜ್ಜಿ ಸೆರಗಿನಿಂದ ಬಾಯೊರೆಸಿಕೊಂಡು, ಚಾಪೆಯ ಮೇಲೆ ಜರುಗಿ ಜಾಗ ಮಾಡಿದಳು.

"ಬಾರವ್ವ, ನನ್ನ ಪಕ್ಕ ಕೂಡು. ಎದುರಿಗೆ ಮಾತ್ರ ಬ್ಯಾಡ."