ದೊಡ್ಡ ಕೋವಿಯ ಸದ್ದು

ಕೋವಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಮುಗಿದ ವಾರ, ಬೆಳಗಿನ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಪೂವಯ್ಯಜ್ಜ ಗುಂಡು ಹೊಡೆಯುವ ಮೈದಾನಕ್ಕೆ ಬಂದು ಪಂದ್ಯದ ಕಾರ್ಯದರ್ಶಿ ಬೆಳ್ಯಪ್ಪನನ್ನು ಹಿಡಿದು ನಿಲ್ಲಿಸಿದರು.

“ಇಲ್ಲಿ ಸಣ್ಣ ಕೋವಿ ಮಾತ್ರ ಇರಲಿ ಮಗ, ದೊಡ್ಡದನ್ನ ನಿಲ್ಲಿಸು. ಸಾವಿನ ಮನೆಯವರು ಎರಡು ಗುಂಡು ಹಾರಿಸಿದ್ರೆ ಊರಿಗೆ ಊರೇ ಓಡಿ ಬರ್ತಿತ್ತು. ಈಗ ನಿಮ್ಮ ಆಟದ ಸದ್ದು ಅಂದ್ಕೊಂಡು ಎಲ್ಲರೂ ಸುಮ್ಮನಿರ್ತಾರೆ.”

“ಫೋನ್ ಇಲ್ವಾ ಅಜ್ಜ? ಯಮನ ಹತ್ರಾನೂ ಈಗ ನಂಬರ್ ಇದೆ!” ಎಂದು ಬೆಳ್ಯಪ್ಪ ನಕ್ಕ.

ಆದರೂ ಹಿರಿಯರ ಮಾತು. ಪಾಯಿಂಟ್ ಟೂಟೂ ಎಂಬ ಸಣ್ಣ ಕೋವಿಗಿಂತ ದೊಡ್ಡ ಕೋವಿ ಸದ್ದು ಮಾಡಿದರೆ ಜಪ್ತಿ ಎಂದು ಬೋರ್ಡು ಬರೆಸಿದ. ಬರೆಸಿದ ಮೇಲೆ ಆ ನಿಯಮದ ಮೇಲೆ ಅವನಿಗೆ ಎಲ್ಲಿಲ್ಲದ ಅಭಿಮಾನ ಬಂತು.

ಪಂದ್ಯದ ಭಾನುವಾರ ಬೆಳ್ಯಪ್ಪ ಮರದ ತುದಿಯ ತೆಂಗಿನಕಾಯಿಗೆ ಗುರಿ ಹಿಡಿದಿದ್ದಾಗ, ಗದ್ದೆಯಾಚೆಯಿಂದ ದೊಡ್ಡ ಕೋವಿಯ ಸದ್ದು ಒಂದರ ಹಿಂದೊಂದು ಎರಡು ಸಲ ಕೇಳಿತು. ಅವನ ಗುರಿ ತಪ್ಪಿತು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸಿಟ್ಟು ನೆತ್ತಿಗೇರಿ, ಜೊತೆಗೆ ನಾಲ್ವರನ್ನು ಕಟ್ಟಿಕೊಂಡು ಗದ್ದೆ ದಾಟಿದ. ತಮ್ಮ ಮನೆಯ ಜಗುಲಿಯಲ್ಲಿ ಪೂವಯ್ಯಜ್ಜ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿ ನೋಡುತ್ತ ಕೂತಿದ್ದರು.

“ನಿಯಮ ಮಾಡಿಸಿದೋರೇ ಮುರಿಯೋದಾ ಅಜ್ಜ? ಕೊಡಿ ಕೋವಿ!”

ಅಜ್ಜ ಕೋವಿಯನ್ನು ಅವನ ಕೈಗಿತ್ತರು.

“ಇದಕ್ಕಾದ್ರೂ ಬಂದ್ರಲ್ಲ,” ಎಂದರು. “ಚಪ್ಪಲಿ ಬಿಟ್ಟು ಒಳಗೆ ಬನ್ನಿ. ನನ್ನೊಬ್ಬನ ಕೈಲಿ ಎತ್ತೋಕಾಗಲ್ಲ.”

ಅಜ್ಜನ ಹೆಂಡತಿ ಬೊಳ್ಳವ್ವ ತೀರಿಹೋದದ್ದು ಆ ಭಾನುವಾರ.