ಆಡದ ಪಂದ್ಯದ ತೀರ್ಪು

ಹಳೆಯ ಜಗಳಗಳನ್ನು ಲೆಕ್ಕ ಹಾಕಿ ಬಗೆಹರಿಸುವ ಯಂತ್ರ ಆ ಶುಕ್ರವಾರ ಕಾಲೇಜು ಫುಟ್ಬಾಲಿಗೆ ಕೈಹಾಕಿತು.

ಹಿಂದೆಲ್ಲ ದೇಶದ ಚಾಂಪಿಯನ್ ಯಾರೆಂದು ಪತ್ರಿಕೆಗಳೇ ಆರಿಸುತ್ತಿದ್ದವು. ಲ್ಯಾನ್ಸಿ ಆಡಿದ ವರ್ಷ ಒಂದು ಪತ್ರಿಕೆ ಅವನ ಕಾಲೇಜನ್ನು ಆರಿಸಿದರೆ, ಇನ್ನೊಂದು ಅವನ ಗೆಳೆಯ ಹಮೀದನ ಕಾಲೇಜನ್ನು ಆರಿಸಿತ್ತು. ಆ ಎರಡು ತಂಡಗಳು ಎದುರುಬದುರು ಆಡಲೇ ಇಲ್ಲ. ಅಂದಿನಿಂದ ಪ್ರತಿ ಭಾನುವಾರ ಬಂದರಿನ ಚಹಾದಂಗಡಿಯ ಮೇಜಿನ ಮೇಲೆ ಬಿಸ್ಕತ್ತುಗಳನ್ನೇ ಆಟಗಾರರಂತೆ ಜೋಡಿಸಿ, ಆ ಪಂದ್ಯವನ್ನು ಬಾಯಲ್ಲೇ ಆಡುತ್ತ ಇಬ್ಬರ ತಲೆಯೂ ನರೆತಿತ್ತು.

ಲ್ಯಾನ್ಸಿಯ ಮನೆಯ ಗೋಡೆಯ ಪರದೆಯಲ್ಲಿ ತೀರ್ಪು ಮೂಡಿತು: ಲ್ಯಾನ್ಸಿಯ ಕಾಲೇಜಿಗೆ ಎರಡು ಗೋಲು, ಹಮೀದನದಕ್ಕೆ ಒಂದು.

ಹಮೀದ್ ಫೋನ್ ಮಾಡಿದ. "ಗೆದ್ದೆಯಲ್ಲ ಮಾರಾಯ. ಇನ್ನು ಭಾನುವಾರ ಮಾತಾಡ್ಲಿಕ್ಕೆ ಎಂತ ಉಂಟು?"

ಲ್ಯಾನ್ಸಿ ಪರದೆಗೆ ಬೆನ್ನು ಹಾಕಿದ.

"ಆ ಯಂತ್ರಕ್ಕೆ ಎಂತ ಗೊತ್ತು?" ಎಂದು ರೇಗಿದ. "ನಮ್ಮ ಎರಡನೇ ಗೋಲು ಆಫ್‌ಸೈಡ್! ಭಾನುವಾರ ಬಾ, ಬಿಸ್ಕತ್ತು ಇಟ್ಟು ತೋರಿಸ್ತೇನೆ."