ಗೋಡೆ ಸರಿಸಿದ ಎತ್ತು

ಧೈರ್ಯವಿದ್ದರೆ ನಂಬಬೇಡಿ: ನಮ್ಮ ಮನೆಯ ಹೊಸ ಗೋಡೆ ಸರಿಸಿದ್ದು ಒಂದು ಮುದಿ ಎತ್ತು. ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ.

ತಲಬಾಗಿಲೊಳಗೆ ದನ ಕಟ್ಟುವ ಜಾಗದಲ್ಲಿ ಅಪ್ಪ ಕೋಣೆ ಕಟ್ಟಿಸುತ್ತಿದ್ದ. ಎತ್ತು ಬಸ್ಯಾ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹೋಯಿತು.

"ಬಸ್ಯಾ ಹೊರಗಿದ್ದರ ನನಗ ತುತ್ತು ಇಳಿಯಂಗಿಲ್ಲ," ಎಂದು ಅಜ್ಜಿ ಎರಡು ದಿನ ಉಣ್ಣಲಿಲ್ಲ.

ಮೂರನೆಯ ದಿನ ಬಸ್ಯಾ ತಾನೇ ಹಗ್ಗ ಬಿಚ್ಚಿಕೊಂಡು ಬಂದು, ಹಸಿ ಸಿಮೆಂಟಿನಲ್ಲಿ ಗೊರಸೂರಿ ಹಳೇ ಜಾಗದಲ್ಲೇ ನಿಂತಿತು.

"ನೋಡಲೇ, ತನ್ನ ಮನಿಗೆ ತಾ ಬಂದೈತಿ!" ಎಂದಳು ಅಜ್ಜಿ.

ಗೋಡೆ ಕಟ್ಟುತ್ತಿದ್ದ ಗೌಂಡಿ ನಕ್ಕ. "ಗ್ವಾಡಿ ಈಚಿಗೆ ಸರಸಿ ಇದಕ್ಕ ಜಾಗಾ ಬಿಡೂಣೇನ್ರಿ, ಧಣ್ಯಾರ?"

ಸಿಮೆಂಟು ಮೆತ್ತಿದ ನನ್ನ ಕಾಲನ್ನು ಅಪ್ಪ ನೋಡಿದ. "ಸರಸಪಾ," ಎಂದ.

ಅಂದು ಅಜ್ಜಿ ಎರಡು ರೊಟ್ಟಿ ಉಂಡಳು.

ಇದರಲ್ಲಿ ಸುಳ್ಳು ಒಂದೇ. ಬಸ್ಯಾನಿಗೆ ಗಂಟು ಬಿಚ್ಚಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ.